ಮೆಟ್ಟಿಲ ಮೇಲೆ ಬಾಗಿ ಕುಳಿತವಳು

“ಗುರುಗಳೇ, ಕಷ್ಟದಲ್ಲಿರುವವರನ್ನು ಕಂಡರೆ ಕೈಹಿಡಿದು ಎತ್ತಬೇಕು. ಇದಕ್ಕೆ ಶಾಸ್ತ್ರ ಓದಬೇಕಾಗಿಲ್ಲ. ಆದರೆ ನಿನ್ನೆ ಬಾವಿಕಟ್ಟೆಯ ಮೇಲೆ ಒಬ್ಬನೇ ಕುಳಿತು ಅಳುತ್ತಿದ್ದವನ ಹತ್ತಿರ ನಾನು ಹೊರಟಾಗ ನೀವು ತಡೆದಿರಿ. ಯಾಕೆ?”

ಶಿಷ್ಯನ ದನಿಯಲ್ಲಿ ಪ್ರಶ್ನೆಗಿಂತ ದೂರು ಹೆಚ್ಚಾಗಿತ್ತು. ಗುರುಗಳು ಅವನನ್ನು ಕುಳಿತುಕೊಳ್ಳಲು ಹೇಳಿ ಈ ಕತೆ ಹೇಳಿದರು.

ಜಪಾನ್ ದೇಶದ ಒಂದು ಬಂದರಿನ ಊರಿನಲ್ಲಿ ಒಬ್ಬ ಎಣ್ಣೆ ವ್ಯಾಪಾರದ ಹೆಂಗಸು ಇದ್ದಳು. ತಲೆಗೂದಲಿಗೆ ಹಚ್ಚುವ ಎಣ್ಣೆ ಅವಳ ಸರಕು. ಹುಟ್ಟಿದ್ದು ಬಡತನದಲ್ಲಿ. ಚಿಕ್ಕಂದಿನ ಒಂದು ಚಳಿಗಾಲದಲ್ಲಿ ತಾಯಿ ಹಾಸಿಗೆ ಹಿಡಿದಾಗ ಅವಳು ಊರಿನ ದೊಡ್ಡ ಗಾಣದ ಮನೆಯ ಹಿತ್ತಿಲ ಬಾಗಿಲಿಗೆ ಹೋಗಿ ಕೆಲಸ ಕೇಳಿದ್ದಳು. “ಇಲ್ಲಿ ಜಾಗವಿಲ್ಲ, ಹೋಗು” ಎಂದು ಒಳಗಿನಿಂದ ಯಾರೋ ಹೇಳಿದರು. ಹೇಳಿದವರ ಮುಖ ಕಾಣಲಿಲ್ಲ. ಹುಡುಗಿ ಕತ್ತಲಾಗುವವರೆಗೆ ಹಿಮದಲ್ಲಿ ನಿಂತಿದ್ದು ಮನೆಗೆ ಹೋದಳು. ತಾಯಿ ಆ ಚಳಿಗಾಲ ದಾಟಲಿಲ್ಲ.

ಅಂದಿನಿಂದ ಅವಳು ಯಾರ ಬಾಗಿಲನ್ನೂ ತಟ್ಟಲಿಲ್ಲ. ಕಾಡಿನಲ್ಲಿ ಉದುರಿದ ಬೀಜ ಆರಿಸಿ ತಂದಳು, ಒರಳಲ್ಲಿ ಕುಟ್ಟಿದಳು, ಎಣ್ಣೆ ಹಿಂಡಿದಳು, ಬೆನ್ನ ಮೇಲೆ ಹೊತ್ತು ಮಾರಿದಳು. ಕೂದಲು ನರೆಯುವ ಹೊತ್ತಿಗೆ ಅವಳದೇ ಗಾಣ ತಿರುಗುತ್ತಿತ್ತು. ಯಾರಾದರೂ ಹೊಗಳಿದರೆ, “ನನಗೆ ಯಾರೂ ಬಾಗಿಲು ತೆರೆಯಲಿಲ್ಲ. ಬಾಗಿಲನ್ನು ನಾನೇ ಮಾಡಿಸಿಕೊಂಡೆ” ಎನ್ನುತ್ತಿದ್ದಳು. ಕೆಲಸ ಕೇಳಿಕೊಂಡು ಬಂದವರಿಗೆ ಅವಳು ಇಲ್ಲ ಎಂದದ್ದೇ ಇಲ್ಲ. ಅದು ಅವಳ ಹಠ.

ಅವಳಿಗೆ ಒಂದು ಅಭ್ಯಾಸ ಮಾತ್ರ ಇರಲಿಲ್ಲ. ಕೇಳುವ ಅಭ್ಯಾಸ. ದಾರಿ ಕೇಳುತ್ತಿರಲಿಲ್ಲ, ಸಲಹೆ ಕೇಳುತ್ತಿರಲಿಲ್ಲ. ಕಣ್ಣಿದ್ದವರಿಗೆ ಕೇಳುವುದೇನಿದೆ ಎನ್ನುತ್ತಿದ್ದಳು. ಬಹಳ ಸಲ ಅವಳ ಮಾತು ನಿಜವೂ ಆಗುತ್ತಿತ್ತು.

ಒಂದು ವರ್ಷ ಬೀಜ ನೋಡಿಕೊಂಡು ಬರಲು ಬೆಟ್ಟದಾಚೆಯ ಸೀಮೆಗೆ ಹೊರಟಳು. ನಡುದಾರಿಯಲ್ಲಿ ಹಿಮ ಬೀಳತೊಡಗಿತು. ಆ ಬೆಟ್ಟದ ಮೇಲೆ ಒಂದು ಬೌದ್ಧ ಮಠವಿತ್ತು. ಅದು ಭಿಕ್ಷುಣಿಯರ ಮಠ. ಅಲ್ಲಿನ ಮಠಗಳು ದಾರಿಹೋಕರಿಗೆ ಒಂದು ರಾತ್ರಿ ತಂಗಲು ಕೋಣೆ ಕೊಡುತ್ತವೆ, ಊಟ ಹಾಕುತ್ತವೆ. ವ್ಯಾಪಾರಿ ಅಲ್ಲಿಗೆ ಹೋದಳು.

ಮಠದ ಬಾಗಿಲ ಮುಂದೆ ಮರದ ಮೆಟ್ಟಿಲು. ಅದರ ಮೇಲೆ ಒಬ್ಬ ಹೆಂಗಸು ಮಂಡಿಯೂರಿ ಬಾಗಿದ್ದಳು. ತನ್ನ ಬಟ್ಟೆಗಂಟಿನ ಮೇಲೆ ಹಣೆ ಇಟ್ಟಿದ್ದಳು. ಬೆನ್ನ ಮೇಲೆ ಹಿಮ ಕೂತಿತ್ತು. ವ್ಯಾಪಾರಿ ಬಂದ ಸದ್ದಿಗೂ ಅವಳು ತಲೆ ಎತ್ತಲಿಲ್ಲ.

ಬಾಗಿಲು ಸರಿಯಿತು. ಒಬ್ಬ ಭಿಕ್ಷುಣಿ ಹೊರಗೆ ಬಂದು ವ್ಯಾಪಾರಿಗೆ ನಮಸ್ಕರಿಸಿದಳು.

“ಬನ್ನಿ ತಾಯಿ, ನೆನೆದು ಹೋಗಿದ್ದೀರಿ. ಕಾಲಿಗೆ ಬಿಸಿನೀರು ಕೊಡುತ್ತೇನೆ.”

ಆಗ ಬಾಗಿದ್ದವಳು, “ದಯಮಾಡಿ ಸೇರಿಸಿಕೊಳ್ಳಿ” ಎಂದಳು. ದನಿ ಒಡೆದಿತ್ತು.

ಭಿಕ್ಷುಣಿ ಅವಳ ಕಡೆ ತಿರುಗಿದಳು. “ಇಲ್ಲಿ ಜಾಗವಿಲ್ಲ. ಹೋಗು” ಎಂದಳು. ಮತ್ತೆ ಈ ಕಡೆ ತಿರುಗಿ, “ಬನ್ನಿ ತಾಯಿ” ಎಂದಳು.

ವ್ಯಾಪಾರಿಗೆ ಎದೆಗೆ ಒದ್ದಂತಾಯಿತು. ಒಂದೇ ಬಾಯಿ, ಒಂದೇ ಉಸಿರು, ಒಬ್ಬಳಿಗೆ ಬಿಸಿನೀರು, ಇನ್ನೊಬ್ಬಳಿಗೆ ಹಿಮ. ಕಾಲು ತೊಳೆಯುವಾಗ ಅವಳು ಭಿಕ್ಷುಣಿಗೆ, “ನನ್ನ ಕೋಣೆಯಲ್ಲಿ ಇಬ್ಬರಿಗೆ ಜಾಗವಾಗುತ್ತದೆ. ಅವಳನ್ನೂ ಕರೆಯಿರಿ” ಎಂದಳು.

“ನಿಮ್ಮ ಕೋಣೆ ನಿಮಗೆ, ತಾಯಿ. ಅವಳನ್ನು ಅವಳ ಪಾಡಿಗೆ ಬಿಡಿ. ಇದು ನಮ್ಮ ಮನೆಯ ಪದ್ಧತಿ.”

ಯಾವ ಪದ್ಧತಿ ಎಂದು ವ್ಯಾಪಾರಿ ಕೇಳಲಿಲ್ಲ. ಉಳ್ಳವರ ಮನೆಗಳ ಪದ್ಧತಿ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಒದ್ದೆ ಬಟ್ಟೆ ಒಣಗಲು ಹಾಕಿ, ಅತಿಥಿಗಳಿಗೆಂದು ಮಠದವರು ಕೊಡುವ, ತಾವೂ ತೊಡುವಂಥದೇ ಹತ್ತಿ ತುಂಬಿದ ಕಪ್ಪು ಅಂಗಿ ತೊಟ್ಟಳು. ಚಳಿಗೆ ತಲೆಗೂ ಒಂದು ಬಟ್ಟೆ ಸುತ್ತಿಕೊಂಡಳು. ಊಟ ಬಂತು. ಅನ್ನ, ಬೆಟ್ಟದ ಸೊಪ್ಪು, ಎಳ್ಳು ಅರೆದು ಕಾಯಿಸಿ ಗಟ್ಟಿಮಾಡಿದ ಒಂದು ತುಂಡು, ಉಪ್ಪಿನಲ್ಲಿಟ್ಟ ಮೂಲಂಗಿ. ಹೊರಗೆ ಮತ್ತೆ ಆ ಕೂಗು ಕೇಳಿಸಿತು. ಮತ್ತೆ ಅದೇ ಉತ್ತರ. ಆಮೇಲೆ ಹೆಜ್ಜೆಗಳ ಸದ್ದು. ವ್ಯಾಪಾರಿ ಕಿಟಕಿ ಸರಿಸಿ ನೋಡಿದಳು. ಇಬ್ಬರು ಭಿಕ್ಷುಣಿಯರು ಆ ಹೆಂಗಸಿನ ಹೆಗಲು ಹಿಡಿದು ಎಳೆದುಕೊಂಡು ಹೋಗಿ ಹೆಬ್ಬಾಗಿಲ ಹೊರಗೆ ಬಿಟ್ಟು ಬಂದರು.

ಅವಳು ಊಟದ ಬಟ್ಟಲನ್ನು ಕೆಳಗಿಟ್ಟಳು. ತಟ್ಟೆ ತೆಗೆಯಲು ಬಂದ ಭಿಕ್ಷುಣಿಗೆ, “ನನ್ನ ಎಣ್ಣೆ ನಿಮ್ಮಲ್ಲಿ ಖರ್ಚಾಗದು ಎಂದು ಮೊದಲೇ ಗೊತ್ತಿತ್ತು, ತಲೆಯಲ್ಲಿ ಕೂದಲಿಲ್ಲವಲ್ಲ. ಎದೆಯಲ್ಲೂ ಏನೂ ಇಲ್ಲ ಎಂದು ಈಗ ಗೊತ್ತಾಯಿತು” ಎಂದಳು.

ಭಿಕ್ಷುಣಿ ತಲೆ ಬಗ್ಗಿಸಿ ಬಟ್ಟಲು ತೆಗೆದುಕೊಂಡು ಹೋದಳು.

ಸಂಜೆಯಾಗುತ್ತ ಬಂತು. ಕಿಟಕಿಯಿಂದ ನೋಡಿದರೆ ಆ ಹೆಂಗಸು ಮತ್ತೆ ಬಂದು ಅದೇ ಮೆಟ್ಟಿಲ ಮೇಲೆ ಬಾಗಿದ್ದಾಳೆ. ವ್ಯಾಪಾರಿ ಎದ್ದಳು. ಯಾರಿಗೂ ಹೇಳಲಿಲ್ಲ. ಬಾಗಿಲು ಸರಿಸಿ ಹೊರಗೆ ಬಂದು ಆ ಹೆಂಗಸಿನ ತೋಳು ಹಿಡಿದಳು.

“ಏಳು ತಂಗಿ. ಸಾಕು ಈ ದೈನ್ಯ. ನನ್ನ ಜೊತೆ ಬಾ.”

ಆ ಹೆಂಗಸು ತಲೆ ಆಡಿಸಿದಳು. ಮೆಟ್ಟಿಲ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಳು. ವ್ಯಾಪಾರಿಯವು ಗಾಣ ತಿರುಗಿಸಿದ ಕೈಗಳು. ಮೆಟ್ಟಿಲಿಗೆ ಅಂಟಿಕೊಂಡ ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಗಂಟನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಆ ಹೆಂಗಸನ್ನು ತಬ್ಬಿ ಎತ್ತಿ, ಹೆಬ್ಬಾಗಿಲು ದಾಟಿಸಿ, ಬೆಟ್ಟದ ಇಳಿಜಾರಿನಲ್ಲಿ ಕರೆದುಕೊಂಡು ಹೋದಳು. ಮೊದಲು ಸ್ವಲ್ಪ ದೂರ ಆ ಹೆಂಗಸು ಹಿಂದಕ್ಕೆ ಜಗ್ಗಿದಳು. ಹೆಬ್ಬಾಗಿಲು ಕಣ್ಮರೆಯಾದ ಮೇಲೆ ಜಗ್ಗುವುದನ್ನು ಬಿಟ್ಟಳು. ಅಳತೊಡಗಿದಳು.

ಬೆಟ್ಟದ ಬುಡದಲ್ಲಿ ಇದ್ದಿಲು ಸುಡುವವನ ಗುಡಿಸಲಿತ್ತು. ಅವನ ಹೆಂಡತಿ ಒಬ್ಬಳೇ ಇದ್ದಳು. ವ್ಯಾಪಾರಿ ಒಳಗೆ ಕಾಲಿಟ್ಟವಳೇ ಒಲೆಗೆ ಸೌದೆ ಹಾಕು ಎಂದಳು, ಗಂಜಿ ಕಾಯಿಸು ಎಂದಳು. ಆ ಹೆಂಗಸನ್ನು ಬೆಂಕಿಯ ಹತ್ತಿರ ಕೂರಿಸಿ ಕಾಲು ತಿಕ್ಕಿದಳು.

“ನೋಡು ತಂಗಿ, ಒಂದು ಗಾಣದ ಮನೆ ಇದೆ. ಬಂದರಿನ ಊರಿನಲ್ಲಿ ಎಣ್ಣೆಯವಳು ಎಂದರೆ ಚಿಕ್ಕ ಮಕ್ಕಳೂ ಮನೆ ತೋರಿಸುತ್ತವೆ. ನಾಳೆ ಅಲ್ಲಿಗೆ ಹೋಗು. ಕೆಲಸ ಇದೆ, ಅನ್ನ ಇದೆ. ಯಾರ ಮುಂದೆಯೂ ತಲೆ ಬಗ್ಗಿಸಬೇಕಾಗಿಲ್ಲ. ಆ ಮೆಟ್ಟಿಲನ್ನು ಮರೆತುಬಿಡು. ಆ ಬಾಗಿಲು ನಿನಗಲ್ಲ.”

ಕೊನೆಯ ಮಾತು ಕೇಳಿ ಆ ಹೆಂಗಸು ತಲೆ ಎತ್ತಿ ವ್ಯಾಪಾರಿಯನ್ನು ನೋಡಿದಳು. ಆಮೇಲೆ ನೆಲಕ್ಕೆ ಹಣೆ ಮುಟ್ಟಿಸಿ ನಮಸ್ಕಾರ ಮಾಡಿದಳು. ವ್ಯಾಪಾರಿಯ ಮನಸ್ಸು ತುಂಬಿ ಬಂತು. ಎಷ್ಟೋ ವರ್ಷಗಳ ಹಿಂದೆ ಹಿಮದಲ್ಲಿ ನಿಂತಿದ್ದ ಒಬ್ಬ ಹುಡುಗಿಯನ್ನು ಇವತ್ತು ಬೆಂಕಿಯ ಮುಂದೆ ಕೂರಿಸಿದೆ ಎನಿಸಿತು. ಅವಳು ಬಹಳ ಚೆನ್ನಾಗಿ ನಿದ್ದೆ ಮಾಡಿದಳು.

ಬೆಳಿಗ್ಗೆ ಎದ್ದಾಗ ಆ ಹೆಂಗಸು ಇರಲಿಲ್ಲ. ಹೊದಿಕೆ ಮಡಿಚಿಟ್ಟಿತ್ತು.

“ಬೆಳಕು ಹರಿಯುವಾಗಲೇ ಹೊರಟುಹೋದಳು, ಕಣಿವೆಯ ಕಡೆಗೆ,” ಎಂದಳು ಇದ್ದಿಲು ಸುಡುವವನ ಹೆಂಡತಿ. “ಅಂತೂ ನಿಮ್ಮ ತಂಗಿಯನ್ನು ಬಿಡಿಸಿಕೊಂಡಿರಿ. ಗಟ್ಟಿಗಿತ್ತಿ ನೀವು. ಹೋದ ವರ್ಷ ಒಬ್ಬಳ ಅಣ್ಣಂದಿರು ಹೀಗೇ ಎಳೆದುಕೊಂಡು ಹೋಗಲು ಬಂದಿದ್ದರು. ಅವಳು ಒಬ್ಬನ ಕೈ ಕಚ್ಚಿ ಮತ್ತೆ ಮೆಟ್ಟಿಲಿಗೆ ಓಡಿದಳು.”

“ಅವಳು ನನ್ನ ತಂಗಿಯಲ್ಲ. ಯಾರು ಎಂದೇ ನನಗೆ ಗೊತ್ತಿಲ್ಲ.”

ಇದ್ದಿಲು ಸುಡುವವನ ಹೆಂಡತಿ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟಳು.

“ಅಯ್ಯೋ ದೇವರೇ! ಮತ್ತೆ ಯಾಕೆ ಎತ್ತಿಕೊಂಡು ಬಂದಿರಿ?”

“ಆ ಬೋಳುತಲೆಯವರು ಅವಳನ್ನು ಹಿಮಕ್ಕೆ ಎಸೆದಿದ್ದರು. ನೋಡಿಕೊಂಡು ಸುಮ್ಮನಿರಲೇ?”

“ಎಸೆಯುತ್ತಾರಮ್ಮ! ಎಸೆಯದೆ ಇರುತ್ತಾರೆಯೇ? ಭಿಕ್ಷುಣಿಯಾಗಬೇಕು ಎಂದು ಬಂದವಳನ್ನು ಮೆಟ್ಟಿಲ ಮೇಲೆ ಕಾಯಿಸುತ್ತಾರೆ. ಕೂಗಿದಾಗಲೆಲ್ಲ ಜಾಗವಿಲ್ಲ, ಹೋಗು ಎನ್ನುತ್ತಾರೆ. ಎಳೆದು ಹೊರಗೆ ಹಾಕುತ್ತಾರೆ. ಅವಳು ಮತ್ತೆ ಬರುತ್ತಾಳೆ. ಬರುತ್ತಲೇ ಇದ್ದರೆ ಒಂದು ದಿನ ದೀಪ ಹಚ್ಚುವ ಹೊತ್ತಿಗೆ ಹಿರಿಯಮ್ಮನೇ ಬಂದು ಬಾಗಿಲು ತೆರೆದು ಒಳಗೆ ಕರೆದುಕೊಳ್ಳುತ್ತಾರೆ. ಯಾವ ದಿನ ಎಂದು ಯಾರೂ ಹೇಳುವುದಿಲ್ಲ. ಈ ಬೆಟ್ಟದಲ್ಲಿ ಇದು ಎಲ್ಲರಿಗೂ ಗೊತ್ತು. ನನ್ನ ಆಡಿಗೂ ಗೊತ್ತು, ಆ ಮೆಟ್ಟಿಲ ಹತ್ತಿರ ಮೇಯಲು ಹೋಗುವುದಿಲ್ಲ.”

ವ್ಯಾಪಾರಿ ಬಾಗಿಲ ಕಡೆಗೆ ತಿರುಗಿದಳು. “ರಾತ್ರಿಯೇ ಯಾಕೆ ಹೇಳಲಿಲ್ಲ?”

“ನೀವು ಕೇಳಿದಿರಾ? ಬಂದವರೇ ಸೌದೆ ಹಾಕು, ಗಂಜಿ ಕಾಯಿಸು ಎಂದಿರಿ. ಒಡಹುಟ್ಟಿದವಳ ಸಂಕಟ ಎಂದುಕೊಂಡೆ. ನಡುವೆ ಬಾಯಿ ಹಾಕಲು ನಾನು ಯಾರು?”

ವ್ಯಾಪಾರಿ ಹೊರಗೆ ಓಡಿದಳು. ಹಿಮದ ಮೇಲೆ ಹೆಜ್ಜೆ ಗುರುತುಗಳು ಕಣಿವೆಯ ಕಡೆಗೆ ಇಳಿದಿದ್ದವು. ಜಾರಿದಳು, ಎದ್ದಳು, ಮತ್ತೆ ಓಡಿದಳು. ಹೊಳೆಯ ಸೇತುವೆಯ ಹತ್ತಿರ ಆ ಹೆಂಗಸು ಸಿಕ್ಕಿದಳು. ಗಂಟು ಹೊತ್ತು ತಲೆ ತಗ್ಗಿಸಿ ನಡೆಯುತ್ತಿದ್ದಳು.

“ತಂಗಿ, ನಿಲ್ಲು! ನನ್ನಿಂದ ತಪ್ಪಾಯಿತು. ಮೇಲಕ್ಕೆ ಹೋಗು.”

ಆ ಹೆಂಗಸು ನಿಂತಳು. ಅವಳಲ್ಲಿ ಕೋಪವಿರಲಿಲ್ಲ. ವಿನಯವಾಗಿ ಹೇಳಿದಳು. “ಇಲ್ಲ ತಾಯಿ. ಬೇರೆಯವರು ನನ್ನನ್ನು ಹೆಬ್ಬಾಗಿಲವರೆಗೆ ಎಳೆಯುತ್ತಿದ್ದರು. ಅಂದರೆ ಮತ್ತೆ ಬಾ ಎಂದು ಅರ್ಥ. ನೀವು ಬೆಟ್ಟವನ್ನೇ ಇಳಿಸಿದಿರಿ. ಗಂಜಿ ಕುಡಿಸಿದಿರಿ. ಬೇರೆ ಕೆಲಸ ತೋರಿಸಿದಿರಿ. ಆ ಬಾಗಿಲು ನಿನಗಲ್ಲ ಎಂದಿರಿ. ಮಠದ ಉತ್ತರ ನನಗೆ ತಿಳಿಯಿತು. ಇಷ್ಟು ಮೃದುವಾಗಿ ಹೇಳಿದ್ದಕ್ಕೆ ನಿಮಗೆ ಋಣಿ. ಎಣ್ಣೆಯವಳ ಮನೆಗೆ ಹೋಗು ಎಂದಿರಲ್ಲ, ಅಲ್ಲಿಗೇ ಹೋಗುತ್ತಿದ್ದೇನೆ.”

ವ್ಯಾಪಾರಿ ತನ್ನ ಮೈಮೇಲಿನ ಅಂಗಿಯನ್ನು ನೋಡಿಕೊಂಡಳು. ಮಠದ ಕಪ್ಪು ಅಂಗಿ. ತಲೆಗೆ ಸುತ್ತಿದ ಬಟ್ಟೆ. ಹೊರಗೆ ಬಂದದ್ದು ಮಠದ ಒಳಗಿನಿಂದ. 

ತಲೆಯ ಬಟ್ಟೆಯನ್ನು ಕಿತ್ತು ಬಿಚ್ಚಿದಳು. ಎಣ್ಣೆ ಹಚ್ಚಿ ಕಟ್ಟಿದ ನರೆಗೂದಲ ತುರುಬು ಕಾಣಿಸಿತು.

“ನಾನು ಆ ಮನೆಯವಳಲ್ಲ. ಎಣ್ಣೆಯವಳೇ ನಾನು. ಒಂದು ರಾತ್ರಿ ತಂಗಲು ಬಂದವಳು. ನನಗೆ ಏನೂ ಗೊತ್ತಿರಲಿಲ್ಲ.”

ಆ ಹೆಂಗಸು ತುರುಬನ್ನೇ ನೋಡುತ್ತ ನಿಂತಳು.  ಬಯ್ಯಲಿಲ್ಲ. ಹೊಡೆಯಲಿಲ್ಲ. ತಿರುಗಿ ಬೆಟ್ಟ ಹತ್ತತೊಡಗಿದಳು. ಮೊದಲು ನಡೆದಳು, ಆಮೇಲೆ ಓಡಿದಳು. ವ್ಯಾಪಾರಿ ಹಿಂದೆ ಉಳಿದಳು.

ಅವಳು ಏದುಸಿರು ಬಿಡುತ್ತ ಮಠ ತಲುಪಿದಾಗ ಆ ಹೆಂಗಸು ಆಗಲೇ ಮೆಟ್ಟಿಲ ಮೇಲೆ ಬಾಗಿದ್ದಳು. ವ್ಯಾಪಾರಿ ಅವಳ ಪಕ್ಕದಿಂದ, ತಾಗದಂತೆ, ಒಳಗೆ ಹೋದಳು. ಒಳಗಿನ ಪಡಸಾಲೆಯಲ್ಲಿ ಒಂದು ತಟ್ಟೆ ಇತ್ತು. ತಟ್ಟೆಯಲ್ಲಿ ಮಡಿಚಿದ ಹೊಸ ಕಪ್ಪು ಅಂಗಿ, ಒಂದು ಕ್ಷೌರದ ಕತ್ತಿ. ಪಕ್ಕದಲ್ಲಿ ಒಂದು ನೀರಿನ ಪಾತ್ರೆ. ನೀರಿನ ಮೇಲೆ ತೆಳ್ಳಗೆ ಮಂಜುಗಡ್ಡೆ ಕಟ್ಟಿತ್ತು.

ಹಿರಿಯ ಭಿಕ್ಷುಣಿ ಅಲ್ಲೇ ಕುಳಿತಿದ್ದಳು. “ನಿನ್ನೆ ಬಿಸಿ ಮಾಡಿದ ನೀರು,” ಎಂದಳು. “ಅವಳ ತಲೆ ತೊಳೆಯಲು. ದೀಪ ಹಚ್ಚಿಕೊಂಡು ಬಾಗಿಲು ತೆರೆದೆ. ಮೆಟ್ಟಿಲು ಬರಿದಾಗಿತ್ತು.”

ವ್ಯಾಪಾರಿ ಅವಳ ಎದುರು ಕುಳಿತಳು. ಸೇತುವೆಯವರೆಗೆ ನಡೆದದ್ದನ್ನೆಲ್ಲ ಒಪ್ಪಿಸಿ ಹೇಳಿದಳು. “ತಪ್ಪು ನನ್ನದು. ಅವಳು ತಾನಾಗಿ ಎದ್ದವಳಲ್ಲ. ಈಗಲೇ ಬಾಗಿಲು ತೆರೆಯಿರಿ.”

“ಅವಳು ತಾನಾಗಿ ಏಳಲಿಲ್ಲ, ನಿಜ. ಆದರೆ ಸೇತುವೆಯವರೆಗೆ ತಾನಾಗಿಯೇ ನಡೆದಳು. ಮತ್ತೆ ಮೊದಲಿನಿಂದ ಆಗಬೇಕು.”

“ಹಾಗಾದರೆ ನನಗೆ ಶಿಕ್ಷೆ ಕೊಡಿ.”

“ಇಲ್ಲಿ ಶಿಕ್ಷೆ ಕೊಡುವುದಿಲ್ಲ. ಕೆಲಸ ಕೊಡುತ್ತೇವೆ. ಎತ್ತಿದವರೇ ಇಳಿಸಬೇಕು. ಇನ್ನು ಅವಳು ಕೂಗಿದಾಗ ಬಾಗಿಲಿಗೆ ಹೋಗುವವರು ನೀವು.”

“ಹೋಗಿ ಏನು ಹೇಳಲಿ?”

“ನಿಮಗೆ ಗೊತ್ತಿರುವ ಮಾತೇ.”

 “ಆ ಮಾತನ್ನು ಮಾತ್ರ ನಾನು ಯಾರಿಗೂ ಹೇಳಲಾರೆ. ಬೇರೆ ಏನಾದರೂ ಹೇಳಿ. ಸೌದೆ ಒಡೆಯುತ್ತೇನೆ, ನೀರು ಹೊರುತ್ತೇನೆ, ಇಡೀ ಚಳಿಗಾಲ ದುಡಿಯುತ್ತೇನೆ.”

“ಹಿಮ ನಿಂತಿದೆ, ತಾಯಿ. ದಾರಿ ಬಿಟ್ಟಿದೆ. ನೀವು ಬೀಜ ನೋಡಲು ಹೊರಟವರಲ್ಲವೇ, ಹೋಗಿ ಬನ್ನಿ,” ಎಂದಳು ಹಿರಿಯ ಭಿಕ್ಷುಣಿ. ಅದರಲ್ಲಿ ಕೊಂಕು ಇರಲಿಲ್ಲ.

ಆಗ ಹೊರಗಿನಿಂದ ಕೂಗು ಬಂತು.

“ದಯಮಾಡಿ ಸೇರಿಸಿಕೊಳ್ಳಿ.”

ಯಾರೂ ಏಳಲಿಲ್ಲ. ಅಡಿಗೆಮನೆಯಲ್ಲಿ ಮೂಲಂಗಿ ಹೆಚ್ಚುವ ಸದ್ದು ನಿಲ್ಲಲಿಲ್ಲ. ನೆಲ ಒರೆಸುತ್ತಿದ್ದವಳು ನೆಲ ಒರೆಸುತ್ತಲೇ ಇದ್ದಳು.

ಕೂಗು ಮತ್ತೆ ಬಂತು. ಈ ಸಲ ದನಿ ಸಣ್ಣದಾಗಿತ್ತು. ಉತ್ತರ ಸಿಗದ ದನಿ. ತಾನಿನ್ನೂ ಮೆಟ್ಟಿಲ ಮೇಲೆ ಇದ್ದೇನೆಯೇ, ಅಥವಾ ಇಲ್ಲಿಗೆ ತಾನು ಆಗಲೇ ಹೊರಗಿನವಳೇ ಎಂದು ತಿಳಿಯದ ದನಿ. ವ್ಯಾಪಾರಿಗೆ ಅದು ಅರ್ಥವಾಯಿತು. ಆ ಹೆಂಗಸು ಸೇರಿಸಿಕೊಳ್ಳಿ ಎಂದು ಕೂಗುತ್ತಿರಲಿಲ್ಲ. ಹೋಗು ಎನ್ನಿರಿ ಎಂದು ಕೂಗುತ್ತಿದ್ದಳು. ಹಾಗೆ ಅಂದರೆ ಮಾತ್ರ ಅವಳು ಅಲ್ಲಿ ಇದ್ದ ಹಾಗೆ.

ವ್ಯಾಪಾರಿ ಎದ್ದಳು. ಗೋಡೆ ಹಿಡಿದುಕೊಂಡು ಬಾಗಿಲವರೆಗೆ ಹೋದಳು. ಒಂದು ಗೇಣು ಸರಿಸಿದಳು. ಬಾಗಿದ ಬೆನ್ನು ಕಂಡಿತು.

“ಇಲ್ಲಿ...” ಎಂದಳು. ಬಾಗಿಲ ಅಂಚನ್ನು ಹಿಡಿದುಕೊಂಡಳು. 

“ಇಲ್ಲಿ ಜಾಗವಿಲ್ಲ. ಹೋಗು.”

ಕಿವಿಯವರೆಗೆ ಬಿಗಿದುಕೊಂಡಿದ್ದ ಆ ಹೆಂಗಸಿನ ಹೆಗಲುಗಳು ಸಡಿಲವಾದವು. ಬೆಟ್ಟ ಹತ್ತಿ ಬಂದವರು ಹೊರೆ ಇಳಿಸಿದಾಗ ಬಿಡುವಂಥ ಉಸಿರು ಹೊರಬಂತು.

“ಉಪಕಾರವಾಯಿತು,” ಎಂದಳು, ಗಂಟಿನ ಮೇಲೆ ಹಣೆ ಇಟ್ಟುಕೊಂಡೇ.

ವ್ಯಾಪಾರಿ ಬಾಗಿಲು ಮುಚ್ಚಿದಳು.  ಅಲ್ಲೇ ಹಲಗೆಯ ನೆಲದ ಮೇಲೆ, ಬಾಗಿಲಿಗೆ ಒರಗಿ ಕುಳಿತಳು. ಗಂಜಿ ಕೊಟ್ಟಾಗ ಈ ಉಸಿರು ಬಂದಿರಲಿಲ್ಲ. ಬೆಂಕಿಯ ಮುಂದೆ ಕೂರಿಸಿದಾಗ ಬಂದಿರಲಿಲ್ಲ. ಈ ಮಾತಿಗೆ ಬಂತು. ಜನ್ಮವಿಡೀ ತಾನು ಹಲ್ಲು ಕಚ್ಚಿ ದ್ವೇಷಿಸಿದ ಮಾತಿಗೆ.

ಅಂದು ಅವಳು ತನ್ನ ಕೋಣೆಗೆ ಹೋಗಲಿಲ್ಲ. ಕೂಗು ಬಂದಾಗಲೆಲ್ಲ ಬಾಗಿಲು ಸರಿಸಿ ಅದೇ ಮಾತು ಹೇಳಿದಳು. ಮಧ್ಯಾಹ್ನ ಎಳೆದು ಹಾಕುವ ಹೊತ್ತು ಬಂದಾಗ ಅವಳೂ ಒಂದು ಹೆಗಲು ಹಿಡಿದಳು. ಹೆಬ್ಬಾಗಿಲ ಹೊರಗೆ ಬಿಟ್ಟು ಬರುವಾಗ ಹಿಂದಕ್ಕೆ ತಿರುಗಿ ನೋಡಲಿಲ್ಲ. ನೋಡಬೇಕೆನಿಸಿತು, ನೋಡಲಿಲ್ಲ. ಬಾಗಿಲ ಒಳಗೆ ಬಂದು ಕುಳಿತು ಹೆಜ್ಜೆಯ ಸದ್ದಿಗೆ ಕಾದಳು. ಅಷ್ಟು ಭಯದಿಂದ ಅವಳು ಯಾವುದಕ್ಕೂ ಕಾದಿರಲಿಲ್ಲ. ಹೆಜ್ಜೆ ಬಂತು. ಮೆಟ್ಟಿಲು ಕಿರುಗುಟ್ಟಿತು.

ದೀಪ ಹಚ್ಚುವ ಹೊತ್ತಾಯಿತು. ಯಾರೂ ಬಾಗಿಲಿಗೆ ಬರಲಿಲ್ಲ. ಮರುದಿನವೂ ಹಾಗೇ ಆಯಿತು. ಮಠದವರು ವ್ಯಾಪಾರಿಗೆ ಊಟವನ್ನು ಬಾಗಿಲ ಬಳಿಗೇ ತಂದುಕೊಟ್ಟರು. ಅವಳು ಯಾವಾಗ ತೆರೆಯುತ್ತೀರಿ ಎಂದು ಕೇಳಲಿಲ್ಲ. ಕೇಳುವ ಅಭ್ಯಾಸವಿಲ್ಲದ್ದಕ್ಕಲ್ಲ. ಹೊರಗಿರುವವಳಿಗೆ ಗೊತ್ತಿಲ್ಲದ್ದು ತನಗೆ ಗೊತ್ತಾಗುವುದು ಬೇಡವೆನಿಸಿತು. ಇಬ್ಬರ ನಡುವೆ ಒಂದು ಹಲಗೆಯಷ್ಟೇ ಇತ್ತು. ಆ ಕಡೆಯ ಕೆಮ್ಮು ಈ ಕಡೆಗೆ ಕೇಳಿಸುತ್ತಿತ್ತು.

ಬೆಟ್ಟದಾಚೆ ಬೀಜದ ಮಾರಾಟ ಮುಗಿಯುವ ಕಾಲ ಬಂತು. ವ್ಯಾಪಾರಿ ಕುಳಿತೇ ಇದ್ದಳು.

ಒಂದು ಸಂಜೆ ಪಡಸಾಲೆಯ ಕಡೆಯಿಂದ ಬೆಳಕು ಬಂತು. ಹಿರಿಯ ಭಿಕ್ಷುಣಿ ಕೈಯಲ್ಲಿ ದೀಪ ಹಿಡಿದು ನಿಧಾನವಾಗಿ ನಡೆದು ಬಂದಳು. ಅವಳ ಹಿಂದೆ ಒಬ್ಬಳು ನೀರಿನ ಪಾತ್ರೆ ಹಿಡಿದಿದ್ದಳು. ನೀರಿನಿಂದ ಹಬೆ ಏಳುತ್ತಿತ್ತು. ವ್ಯಾಪಾರಿ ಏಳಲು ನೋಡಿದಳು. ಮಂಡಿಗಳು ಮರಗಟ್ಟಿದ್ದವು. ಕುಳಿತಲ್ಲೇ ತಲೆ ಬಗ್ಗಿಸಿದಳು. ಹಿರಿಯ ಭಿಕ್ಷುಣಿ ದೀಪವನ್ನು ನೆಲದ ಮೇಲಿಟ್ಟು ಬಾಗಿಲಿಗೆ ಕೈ ಹಾಕಿದಳು.

ಗುರುಗಳು ಅಷ್ಟಕ್ಕೆ ಕತೆ ನಿಲ್ಲಿಸಿದರು.

ಶಿಷ್ಯನಿಗೆ ತಡೆಯಲಾಗಲಿಲ್ಲ.

“ಬಾಗಿಲು ತೆರೆಯಿತೇ, ಗುರುಗಳೇ?”

“ಯಾವ ಕಡೆ ಕುಳಿತಿದ್ದವಳಿಗೆ?” ಎಂದರು ಗುರುಗಳು.

“ಬಾವಿಕಟ್ಟೆಯ ಮೇಲಿದ್ದವನು ಅಲ್ಲಿ ಯಾಕೆ ಕುಳಿತಿದ್ದ, ಗುರುಗಳೇ?” ಎಂದು ಶಿಷ್ಯ ಕೇಳಿದ. ಈ ಸಲ ಅವನ ದನಿಯಲ್ಲಿ ದೂರು ಇರಲಿಲ್ಲ.